ನೆಕ್ಕರ್ ತೀರದ ಕಾಫಿ

ಪರದೇಶಕ್ಕೆ ಹೊರಟವನಿಗೆ ಬಂಧುಮಿತ್ರರು ಹೇಳುವ ಬುದ್ಧಿಮಾತುಗಳಿಗೆ ಮಿತಿಯಿಲ್ಲ. ಉಣ್ಣೆಯ ಬಟ್ಟೆ ಎಷ್ಟಿರಬೇಕು, ಉಪ್ಪಿನಕಾಯಿಯ ಭರಣಿಯನ್ನು ಯಾವ ಬಟ್ಟೆಯಲ್ಲಿ ಸುತ್ತಬೇಕು, ಹಿಮದ ಮೇಲೆ ಹೆಜ್ಜೆಯನ್ನು ಹೇಗೆ ಇಡಬೇಕು ಎಂಬುದನ್ನೆಲ್ಲ, ಊರ ಗಡಿಯನ್ನು ದಾಟದವರೂ ನನಗೆ ವಿವರಿಸಿ ಹೇಳಿದರು. ಕಾಫಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತುವ ಕಾರಣವೂ ಇರಲಿಲ್ಲವೆನ್ನಿ. ನಾನು ಹೋಗುತ್ತಿದ್ದುದು ಜರ್ಮನಿಗೆ. ಬಿಯರಿಗಿಂತಲೂ ಹೆಚ್ಚು ಕಾಫಿಯನ್ನು ಕುಡಿಯುವ ಜನ ಅವರು. ನಮ್ಮ ದೇಶದ ಕಾಫಿಯನ್ನು ಹೇರಳವಾಗಿ ಕೊಳ್ಳುವ ರಾಷ್ಟ್ರಗಳಲ್ಲಿ ಇಟಲಿಯ ಜೊತೆಗೆ ಅವರ ಹೆಸರೂ ಬರುತ್ತದೆ. ಸಮುದ್ರತೀರಕ್ಕೆ ಹೋಗುವವನು ಉಪ್ಪನ್ನು ಗಂಟುಕಟ್ಟಿಕೊಂಡು ಹೋಗುವುದುಂಟೆ?

ಆದರೂ ನಮ್ಮ ತಾಯಿ, ಯಾರ ಮಾತನ್ನೂ ಕೇಳದೆ, ಪೆಟ್ಟಿಗೆಯ ಮೂಲೆಯಲ್ಲಿ ಎರಡು ಕಿಲೋ ಪುಡಿಯನ್ನೂ ಉಕ್ಕಿನದೊಂದು ಫಿಲ್ಟರನ್ನೂ ಇಟ್ಟಿದ್ದರು.

ಟ್ಯೂಬಿಂಗನ್ ಎಂಬುದು ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕ್ಕರ್ ನದಿಯ ದಡದಲ್ಲಿರುವ ಒಂದು ಪುಟ್ಟ ನಗರ. ಇಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1477ರಲ್ಲಿ. ಅಂದರೆ ವಿಜಯನಗರದಲ್ಲಿ ಇನ್ನೂ ಸಂಗಮ ವಂಶದವರು ಆಳುತ್ತಿದ್ದ ಕಾಲ. ಊರೆಂದರೆ ವಿಶ್ವವಿದ್ಯಾನಿಲಯ, ವಿಶ್ವವಿದ್ಯಾನಿಲಯವೆಂದರೆ ಊರು. ಕಲ್ಲು ಹಾಸಿದ ಏರುತಗ್ಗಿನ ಓಣಿಗಳು, ಮರದ ತೊಲೆಗಳು ಗೋಡೆಯ ಹೊರಗೆ ಕಾಣುವ ಹಳೆಯ ಮನೆಗಳು, ಹೊಳೆಯಲ್ಲಿ ಉದ್ದನೆಯ ಗಳುವನ್ನೂರಿ ನಡೆಸುವ ಚಪ್ಪಟೆ ದೋಣಿಗಳು, ದಡದಲ್ಲಿ ಹೋಲ್ಡರ್ಲಿನ್ ಕವಿಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ಮೂವತ್ತಾರು ವರ್ಷಗಳನ್ನು ಕಳೆದ ಹಳದಿ ಬಣ್ಣದ ಗೋಪುರ. ನೋಡುವುದಕ್ಕೆ ಬಂದವರಿಗೆ ಒಂದು ದಿನ ಸಾಕು. ನನ್ನ ಪಾಲಿಗೆ ಒಂದು ವರ್ಷ ಬಂದಿತ್ತು, 2023ರ ಅಕ್ಟೋಬರಿನಿಂದ ಮರುವರ್ಷದ ಸೆಪ್ಟೆಂಬರಿನವರೆಗೆ.

ಕನ್ನಡದ ಮೇಷ್ಟರಿಗೆ ಆ ಊರಿನಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಒಂದು ಮಾತು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಓದಿದುದು ಇಲ್ಲಿ. ಹಳಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದುದಕ್ಕಾಗಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟದ್ದೂ ಇದೇ ವಿಶ್ವವಿದ್ಯಾನಿಲಯ. 1894ರಲ್ಲಿ ಮಹಾಕೋಶವನ್ನು ಮುಗಿಸಿದ ಫರ್ಡಿನಂಡ್ ಕಿಟ್ಟೆಲರು 1903ರಲ್ಲಿ ಕಣ್ಮುಚ್ಚಿದುದು ಈ ಊರಿನಲ್ಲಿ. ಮಲಯಾಳಕ್ಕೆ ನಿಘಂಟನ್ನು ಕೊಟ್ಟ ಗುಂಡರ್ಟರ ಗ್ರಂಥಸಂಗ್ರಹ ಇಲ್ಲಿಯ ಪುಸ್ತಕಭಂಡಾರದಲ್ಲಿದೆ. ಅದರಲ್ಲಿ ಕನ್ನಡದ ಹೊತ್ತಗೆಗಳೂ ಇವೆ. ಮೊದಲ ದಿನ ಆ ಓದುಕೋಣೆಯಲ್ಲಿ ಕನ್ನಡ ಅಕ್ಷರವನ್ನು ಕಂಡಾಗ ನನಗಾದ ಸಂತೋಷವನ್ನು ಹೇಳಲಾರೆ. ಆ ಸಂತೋಷದಲ್ಲಿಯೇ ಹೊರಗೆ ಬಂದು ಒಂದು ಕಾಫಿಯನ್ನು ತರಿಸಿಕೊಂಡೆ.

ಬಂದುದು ದೊಡ್ಡ ಪಿಂಗಾಣಿ ಬಟ್ಟಲು. ಅದರ ತುಂಬ ತಿಳಿಯಾದ, ತಳ ಕಾಣುವಷ್ಟು ತಿಳಿಯಾದ, ಕಪ್ಪು ನೀರು. ತಟ್ಟೆಯ ಅಂಚಿನಲ್ಲಿ ಹೆಬ್ಬೆರಳ ಗಾತ್ರದ ಒಂದು ಪ್ಲಾಸ್ಟಿಕ್ ಡಬ್ಬಿ. ಅದರ ಮುಚ್ಚಳವನ್ನು ಎಳೆದರೆ ಒಳಗೆ ಒಂದು ಚಮಚದಷ್ಟು ಕೆನೆ. ಇದಕ್ಕೆ ಅವರು ಕಾಫೆಸಾನೆ ಎನ್ನುತ್ತಾರೆ, ಕಾಫಿಕೆನೆ ಎಂದು ಅರ್ಥ. ಶೇಕಡ ಹತ್ತು ಕೊಬ್ಬು. ಅದನ್ನು ಸುರಿದೆ. ಕಪ್ಪು ನೀರು ಕಂದು ನೀರಾಯಿತು, ಬಿಸಿ ಕಾಫಿ ಬೆಚ್ಚಗಿನ ಕಾಫಿಯಾಯಿತು. ಅದರಲ್ಲಿ ದೋಷವಿತ್ತೆಂದು ನಾನು ಹೇಳಲಾರೆ. ಒಳ್ಳೆಯ ಬೀಜ, ಶುಚಿಯಾದ ಪಾತ್ರೆ, ಹದವಾದ ಹುರಿ. ಆದರೆ ಅದು ನಮ್ಮ ಮನೆಯ ಮಾತನ್ನು ಆಡುತ್ತಿರಲಿಲ್ಲ.

ಇದು ಕೇವಲ ಹಠವಲ್ಲ, ಇದಕ್ಕೆ ಕಾರಣಗಳಿವೆ. ಅವರ ಪದ್ಧತಿಯಲ್ಲಿ ಒಂದು ಲೀಟರು ನೀರಿಗೆ ಅರವತ್ತು ಗ್ರಾಮಿನಷ್ಟು ಪುಡಿ. ನೀರು ಕಾಗದದ ಮೂಲಕ ನಾಲ್ಕೈದು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಈ ಕಾಗದದ ಫಿಲ್ಟರನ್ನು ಕಂಡುಹಿಡಿದವಳು ಡ್ರೆಸ್ಡೆನ್ ನಗರದ ಒಬ್ಬ ಗೃಹಿಣಿ, ಮೆಲಿಟ್ಟಾ ಬೆಂಟ್ಸ್ ಎಂಬವಳು. 1908ರಲ್ಲಿ, ಬಟ್ಟಲಿನ ತಳದಲ್ಲಿ ನಿಲ್ಲುವ ಗಸಿಯಿಂದ ಬೇಸತ್ತು, ಮಗನ ಶಾಲೆಯ ಪುಸ್ತಕದ ಒತ್ತುಕಾಗದವನ್ನು ಕತ್ತರಿಸಿ, ತೂತು ಕೊರೆದ ಹಿತ್ತಾಳೆಯ ಪಾತ್ರೆಯಲ್ಲಿಟ್ಟು ನೋಡಿದಳಂತೆ. ಗಸಿಯೂ ನಿಂತಿತು, ಬೀಜದ ಎಣ್ಣೆಯ ಅಂಶವೂ ಬಹುಮಟ್ಟಿಗೆ ಕಾಗದದಲ್ಲಿಯೇ ನಿಂತಿತು. ನಮ್ಮದು ಇದಕ್ಕೆ ತದ್ವಿರುದ್ಧ. ನುಣುಪಾದ ಪುಡಿ ಹೆಚ್ಚು, ನೀರು ಕಡಮೆ, ಲೋಹದ ಸಣ್ಣ ರಂಧ್ರಗಳು, ಅವಸರವಿಲ್ಲದ ತೊಟ್ಟು. ಕಾಲು ಗಂಟೆಯೋ ಅರ್ಧ ಗಂಟೆಯೋ ಆದ ಮೇಲೆ ಕೆಳಗಿನ ಪಾತ್ರೆಯಲ್ಲಿ ನಿಲ್ಲುವುದು ಕಾಫಿಯಲ್ಲ, ಕಾಫಿಯ ಸಾರ. ಅದು ಕಾಫಿಯಾಗುವುದು ಹಾಲಿನಿಂದ. ಅಲ್ಲಿ ಹಾಲು ಅತಿಥಿ. ಇಲ್ಲಿ ಹಾಲು ಮನೆಯ ಯಜಮಾನಿ.

ನಮ್ಮಲ್ಲಿ ಹಾಲನ್ನು ಕಾಯಿಸುತ್ತಾರೆ, ಉಕ್ಕಿಸುತ್ತಾರೆ, ಮತ್ತೆ ಸಣ್ಣ ಉರಿಯಲ್ಲಿಡುತ್ತಾರೆ. ಕಾಯುವಾಗ ಹಾಲಿನ ಸಕ್ಕರೆಗೂ ಪ್ರೋಟೀನಿಗೂ ನಡೆಯುವ ವ್ಯವಹಾರದಿಂದ ಒಂದು ಬಗೆಯ ಬೆಂದ ವಾಸನೆ, ಒಂದಿಷ್ಟು ಸಿಹಿ ಬರುತ್ತದೆ. ತಣ್ಣನೆಯ ಕೆನೆಯಲ್ಲಿ ಅದು ಎಲ್ಲಿಂದ ಬರಬೇಕು? ಪುಡಿಯ ರೂಪದ ಕ್ರೀಮರಿನ ಮಾತಂತೂ ಬೇಡ. ಗ್ಲೂಕೋಸಿನ ಪಾಕ, ತಾಳೆಯ ಅಥವಾ ತೆಂಗಿನ ಎಣ್ಣೆ, ಹಾಲಿನಿಂದ ತೆಗೆದ ಒಂದಿಷ್ಟು ಪ್ರೋಟೀನು. ಇವುಗಳನ್ನು ಒಣಗಿಸಿ ಪುಡಿಮಾಡಿದ ವಸ್ತು ಅದು. ಅಮೆರಿಕದಲ್ಲಿ 1961ರಲ್ಲಿ 'ಕಾಫಿ ಮೇಟ್' ಎಂಬ ಹೆಸರಿನಿಂದ ಪೇಟೆಗೆ ಬಂದು ಜಗದ್ವಿಖ್ಯಾತವಾದುದು ಇದರ ಒಂದು ಬಗೆ. ಅದಕ್ಕೆ ಒಗ್ಗಿಕೊಂಡ ಅಮೆರಿಕದ ವಿದ್ಯಾರ್ಥಿಯೊಬ್ಬ ನಮ್ಮ ಮಹಡಿಯಲ್ಲಿದ್ದ. ವೆನಿಲ್ಲಾ ವಾಸನೆಯ ತನ್ನ ಊರಿನ ದ್ರವಕ್ರೀಮರು ಇಲ್ಲಿ ದೊರೆಯದೆಂದು ಅವನು ಹಲುಬುವಾಗ ಮೊದಲು ನಗು ಬಂದಿತು. ಆಮೇಲೆ ನಗಲಿಲ್ಲ. ಅವನ ತಾಯಿಯೂ ಮುಂಜಾನೆ ಅದನ್ನೇ ಸುರಿದು ಕೊಡುತ್ತಿದ್ದಳಂತೆ.

ಅಲ್ಲಿಯ ಅಂಗಡಿಯ ಪುಡಿಯನ್ನು ನಮ್ಮ ಉಕ್ಕಿನ ಫಿಲ್ಟರಿಗೆ ಹಾಕಿದರೆ, ಅದು ತರಿಯಾದುದರಿಂದ ನೀರು ಕ್ಷಣದಲ್ಲಿ ಜಾರಿಹೋಗುತ್ತದೆ. ಬೀಜವನ್ನು ಕೊಂಡು ನುಣ್ಣಗೆ ಬೀಸಿಸಿದರೂ ಏನೋ ಕೊರತೆ. ನನ್ನ ಹೆಂಡತಿ ಎರಡು ದಿನ ಯೋಚಿಸಿ ತೀರ್ಪು ಕೊಟ್ಟಳು: "ಚಿಕೋರಿ ಇಲ್ಲ."

ಚಿಕೋರಿಯನ್ನು ಬೆರೆಸಿದ ಕಾಫಿಯೆಂದರೆ ಮೂಗು ಮುರಿಯುವ ರಸಿಕರು ನಮ್ಮಲ್ಲಿಯೂ ಇದ್ದಾರೆ. ಇರಲಿ. ಮೈಸೂರು ಬೆಂಗಳೂರುಗಳ ನೂರಾರು ಮನೆಗಳಲ್ಲಿ ಎಂಬತ್ತಕ್ಕೆ ಇಪ್ಪತ್ತು, ಎಪ್ಪತ್ತಕ್ಕೆ ಮೂವತ್ತು ಎಂಬ ಲೆಕ್ಕ ವಂಶಪಾರಂಪರ್ಯವಾಗಿ ಬಂದುದು. ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡ 51ಕ್ಕೆ ಇಳಿಯಕೂಡದೆಂದು ಕಾನೂನೂ ಇದೆ... ಅಲ್ಲ, 51ಕ್ಕಿಂತ ಕೆಳಗೆ ಇಳಿಯಕೂಡದೆಂದು. ಅಂಗಡಿಯವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಹುರಿದ ಚಿಕೋರಿಯ ಬೇರು ಡಿಕಾಕ್ಷನಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಹಾಲು ಸಕ್ಕರೆಗಳ ನಡುವೆಯೂ ಕಹಿ ತಲೆಯೆತ್ತಿ ನಿಲ್ಲುವಂತೆ ಮಾಡುತ್ತದೆ.

ವಿಚಿತ್ರವೆಂದರೆ ಈ ಬೇರನ್ನು ಕಾಫಿಯ ಹೆಸರಿನಲ್ಲಿ ಮೊದಲು ಪ್ರಚಾರಕ್ಕೆ ತಂದವರಲ್ಲಿ ಜರ್ಮನರೇ ಪ್ರಮುಖರು. ಪ್ರಷ್ಯದ ದೊರೆ ಫ್ರೆಡರಿಕನು, ಕಾಫಿಗಾಗಿ ಹಣವೆಲ್ಲ ಪರರಾಜ್ಯಗಳಿಗೆ ಹರಿಯುತ್ತಿದೆಯೆಂದು ಕೆರಳಿ, 1781ರಲ್ಲಿ ಕಾಫಿ ಹುರಿಯುವ ಹಕ್ಕನ್ನು ಸರಕಾರದ ಸ್ವತ್ತನ್ನಾಗಿ ಮಾಡಿದ. ಕಳ್ಳತನದಿಂದ ಹುರಿಯುವವರನ್ನು ಹಿಡಿಯುವುದಕ್ಕೆ, ಸೇನೆಯಿಂದ ನಿವೃತ್ತರಾದವರನ್ನು ಬೀದಿ ಬೀದಿಗಳಲ್ಲಿ ವಾಸನೆ ನೋಡುತ್ತ ತಿರುಗಲು ನೇಮಿಸಿದ. ಬಡವರು ಚಿಕೋರಿಯ ಮೊರೆಹೊಕ್ಕರು. ಆ ದೊರೆಯ ನೆರಳು ಇಂದಿಗೂ ಪೂರ್ತಿಯಾಗಿ ಸರಿದಿಲ್ಲ. ಹುರಿದ ಕಾಫಿಯ ಪ್ರತಿಯೊಂದು ಕಿಲೋವಿಗೂ 2.19 ಯೂರೋ ವಿಶೇಷ ತೆರಿಗೆಯನ್ನು ಜರ್ಮನಿ ಈಗಲೂ ಎತ್ತುತ್ತದೆ.

ಚಿಕೋರಿಯೇನೋ ಅಲ್ಲಿ ಹುಟ್ಟಿ ಬೆಳೆದದ್ದು. ಆದರೆ ಅದು ಬೇಕೆಂದು ಕೇಳಿದರೆ ಜನ ಮುಖ ನೋಡುತ್ತಾರೆ. ಇದರ ಮರ್ಮ ನನಗೆ ತಿಳಿದುದು ಕೆಳಗಿನ ಮನೆಯ ಅಜ್ಜಿಯಿಂದ. ಎಂಬತ್ತೈದನ್ನು ದಾಟಿದವರು, ಒಬ್ಬರೇ ಇದ್ದವರು. ಪ್ರತಿದಿನ ಮಧ್ಯಾಹ್ನ ಮೂರೂವರೆಗೆ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆಯನ್ನು ಹಾಸಿ, ಕಾಫಿಯನ್ನೂ ಒಂದು ತುಂಡು ಕೇಕನ್ನೂ ಇಟ್ಟುಕೊಂಡು, ಯಾರೋ ಬರುವರೆಂಬಂತೆ ಕುಳಿತಿರುತ್ತಿದ್ದರು. ಚಿಕೋರಿ ಎಲ್ಲಿ ಸಿಕ್ಕೀತು ಎಂದು ನಾನು ಕೇಳಿದಾಗ ಅವರು ಬಟ್ಟಲನ್ನು ಕೆಳಗಿಟ್ಟರು. ಯುದ್ಧ ಮುಗಿದ ವರ್ಷಗಳಲ್ಲಿ ಅವರಿಗೆ ಏಳೆಂಟು ವಯಸ್ಸು. ಆಗ ಮನೆಯಲ್ಲಿದ್ದುದು ಚಿಕೋರಿ, ಹುರಿದ ಬಾರ್ಲಿ, ಓಕ್ ಮರದ ಕಾಯಿ, ಅಷ್ಟೆ. ಈ ಹುಸಿಕಾಫಿಗಳಿಗೆಲ್ಲ ಮುಕೆಫುಕ್ ಎಂಬ ಅಪಹಾಸ್ಯದ ಹೆಸರು. ನಿಜವಾದುದಕ್ಕೆ ಬೋನೆನ್‌ಕಾಫೆ, ಅಂದರೆ 'ಬೀಜದ ಕಾಫಿ', ಎಂದು ಒತ್ತಿ ಹೇಳುವ ಅಭ್ಯಾಸ ಇಂದಿಗೂ ಹಳಬರಲ್ಲಿ ಉಳಿದಿದೆ. ಬೆಲ್ಜಿಯಮ್ಮಿನ ಗಡಿಯಲ್ಲಿ, ಆಖೆನ್ ಪಟ್ಟಣದ ಸುತ್ತ, ಮಕ್ಕಳು ಕೂಡ ಕಾಫಿಯನ್ನು ಕದ್ದು ಸಾಗಿಸುತ್ತಿದ್ದ ಕಾಲ ಅದು. 1953ರಲ್ಲಿ ತೆರಿಗೆಯನ್ನು ಇಳಿಸಿದ ಮೇಲೆ ಆ ವ್ಯಾಪಾರ ಅಡಗಿತು. "ನಮ್ಮ ತಾಯಿ ಚಿಕೋರಿಯನ್ನು ಕುದಿಸುವಾಗ ಕಿಟಕಿಯನ್ನು ಮುಚ್ಚುತ್ತಿದ್ದರು, ನೆರೆಯವರಿಗೆ ನಮ್ಮ ಬಡತನದ ವಾಸನೆ ತಿಳಿಯಬಾರದೆಂದು" ಎಂದರು ಅಜ್ಜಿ. ನಮಗೆ ಸುಭಿಕ್ಷದ ವಾಸನೆಯಾದುದು ಅವರಿಗೆ ಹಸಿವಿನ ವಾಸನೆ.

ಚಿಕೋರಿಯ ಗಿಡವನ್ನು ನಾನು ನೋಡಿದುದು ಜುಲೈ ತಿಂಗಳಿನಲ್ಲಿ, ನೆಕ್ಕರಿನ ಬದಿಯ ಕಾಲುದಾರಿಯಲ್ಲಿ. ಒರಟು ಕಾಂಡ, ಅದರ ಮೇಲೆ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವ ತಿಳಿನೀಲಿಯ ಹೂ. ಅದಕ್ಕೆ ಅವರಿಟ್ಟಿರುವ ಹೆಸರು ವೇಗ್‌ವಾರ್ಟೆ. 'ದಾರಿ ಕಾಯುವವಳು' ಎನ್ನಬಹುದು. ಹೋದ ಇನಿಯನಿಗಾಗಿ ದಾರಿಯ ಪಕ್ಕದಲ್ಲಿ ಕಾದು ಕಾದು ಹೂವಾಗಿಹೋದ ಹುಡುಗಿಯ ಕಥೆ ಅದರ ಹಿಂದಿದೆ. ನಮ್ಮ ಪುಡಿಯ ಪೊಟ್ಟಣದಲ್ಲಿ ಇಂಥ ಹೂವೊಂದು ಅಡಗಿದೆಯೆಂದು ಮೈಸೂರಿನಲ್ಲಿ ಯಾರು ಎಣಿಸಿಯಾರು?

ಹಾಲಿನ ಪ್ರಶ್ನೆಯನ್ನು ಬಿಡಿಸಿದವಳೂ ನನ್ನ ಹೆಂಡತಿಯೇ. ಅಲ್ಲಿಯ ಅಂಗಡಿಗಳಲ್ಲಿ ಕಾಫಿಗೆಂದೇ ಮಾರುವ ಸಕ್ಕರೆಯಿಲ್ಲದ ಗಟ್ಟಿಹಾಲು ದೊರೆಯುತ್ತದೆ, ನೀರನ್ನು ಆವಿಮಾಡಿ ಡಬ್ಬಿಯಲ್ಲಿ ಕಾಯಿಸಿದುದು. ಜರ್ಮನರು ಅದನ್ನು ಹಾಗೆಯೇ ಬಟ್ಟಲಿಗೆ ಸುರಿಯುತ್ತಾರೆ. ಇವಳು ತಾಜಾ ಹಾಲಿಗೆ ಅದರಲ್ಲಿ ಕಾಲುಭಾಗವನ್ನು ಬೆರೆಸಿ, ಸಣ್ಣ ಉರಿಯಲ್ಲಿ ಎರಡು ಸಲ ಉಕ್ಕಿಸಿದಳು. ಅಡಿಗೆಮನೆಯಿಂದ ಬಂದ ವಾಸನೆಗೆ ನಮ್ಮ ಐದು ವರ್ಷದ ಮಗಳು ಆಟವನ್ನು ಬಿಟ್ಟು ಬಂದು "ಅಜ್ಜಿ ಮನೆ!" ಎಂದಳು. ಪರದೇಶದಲ್ಲಿರುವ ನಮ್ಮ ಸಹೋದರಿಯರು ಈ ಉಪಾಯವನ್ನು ಪರೀಕ್ಷಿಸಿ ನೋಡಬಹುದು. ಭಾರತದಿಂದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಕೊಂಡೊಯ್ಯುವುದಕ್ಕೆ ಐರೋಪ್ಯ ಒಕ್ಕೂಟದಲ್ಲಿ ನಿಷೇಧವಿದೆ. ಪುಡಿ ಹೋದೀತು, ಪೇಡ ಹೋಗದು.

ಬೀಜದ ಮಟ್ಟಿಗೆ ಬೇರೆಯ ದಾರಿಯಿತ್ತು. ಹಳೆಯ ಪೇಟೆಯ ಒಂದು ಹುರಿಯಂಗಡಿಯಲ್ಲಿ 'ಮಾನ್ಸೂನ್ಡ್ ಮಲಬಾರ್' ಎಂಬ ಚೀಟಿಯನ್ನು ಕಂಡು ಒಳಗೆ ನುಗ್ಗಿದೆ. ಹಡಗುಗಳು ಹಾಯಿಗಳಿಂದ ಚಲಿಸುತ್ತಿದ್ದ ಕಾಲದಲ್ಲಿ ನಮ್ಮ ಬೀಜ ಯೂರೋಪನ್ನು ಮುಟ್ಟಲು ತಿಂಗಳುಗಳು ಹಿಡಿಯುತ್ತಿದ್ದವು; ಕಡಲ ತೇವಕ್ಕೆ ಅದು ಊದಿ, ಹಳದಿಯಾಗಿ, ಹುಳಿಯನ್ನು ಕಳೆದುಕೊಳ್ಳುತ್ತಿತ್ತು. ಪ್ರಯಾಣ ಚುರುಕಾದಾಗ ಆ ರುಚಿಯೂ ಹೋಯಿತು, ಗಿರಾಕಿಗಳು ಗೊಣಗಿದರು. ಅಂದಿನಿಂದ ನಮ್ಮ ಪಡುವಣ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಹರಡಿ ಮಳೆಗಾಲದ ಗಾಳಿಗೆ ಒಡ್ಡುತ್ತಾರೆ. ತಡವಾದ ಪ್ರಯಾಣದ ರುಚಿಗೆ ಒಗ್ಗಿಹೋದ ನಾಲಗೆಗಾಗಿ ಇಷ್ಟೆಲ್ಲ ಏರ್ಪಾಡು! ನಮ್ಮ ಹಂಬಲವನ್ನು ನೋಡಿ ನಗುವವರು ಇದನ್ನು ನೆನೆಯಬೇಕು.

ಕಿಟ್ಟೆಲರ ವಿಷಯದಲ್ಲಿ ನನಗೊಂದು ಕುತೂಹಲ. ಅವರು ಹುಟ್ಟಿದುದು ಜರ್ಮನಿಯ ವಾಯವ್ಯದ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ. ಅದು ಕಾಫಿಯ ದೇಶದೊಳಗಿನ ಚಹದ ದ್ವೀಪ. ಅಲ್ಲಿ ಬಟ್ಟಲಿಗೆ ಮೊದಲು ಕಲ್ಲುಸಕ್ಕರೆ, ಅದು ಚಿಟಿಚಿಟಿ ಎನ್ನುವಂತೆ ಕುದಿವ ಚಹ, ಆಮೇಲೆ ಅಂಚಿನಿಂದ ಒಂದು ಚಮಚ ಕೆನೆ. ಕೆನೆ ಮುಳುಗಿ ಮೋಡದಂತೆ ಮೇಲೇಳುತ್ತದೆ, ಅದನ್ನು ಕಲಕಕೂಡದು. ಮೂರು ಬಟ್ಟಲು ಕುಡಿಯದಿದ್ದರೆ ಮನೆಯವರಿಗೆ ಅವಮಾನ. ಅಂಥ ಊರಿನಿಂದ ಬಂದು ಕನ್ನಡ ನಾಡಿನಲ್ಲಿ ಪದಗಳನ್ನು ಆಯುತ್ತ ಕುಳಿತ ಮನುಷ್ಯ ಸಂಜೆಯ ಹೊತ್ತಿಗೆ ಆ ಕೆನೆಯ ಮೋಡವನ್ನು ನೆನೆದಿರಲಾರನೆ?

ಮೈಸೂರಿಗೂ ಟ್ಯೂಬಿಂಗನ್ನಿಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ನಾನು ಏಳುವ ಹೊತ್ತಿಗೆ ತಾಯಿಯ ಬೆಳಗಿನ ಕೆಲಸಗಳೆಲ್ಲ ಮುಗಿದಿರುತ್ತಿದ್ದವು. ತಂದೆ ಹೋದ ಮೇಲೆ ಮುಂಜಾನೆ ಐದೂವರೆಗೆ ಆಕೆಯೂ ನಾನೂ ಅಡಿಗೆಮನೆಯ ಕಟ್ಟೆಯ ಬಳಿ ನಿಂತು ಕಾಫಿ ಕುಡಿಯುವುದು ಹನ್ನೊಂದು ವರ್ಷಗಳ ರೂಢಿ. ಹೆಚ್ಚು ಮಾತೇನೂ ಇರುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಒಂದು ದಿನ ದೂರವಾಣಿಯಲ್ಲಿ, ರಕ್ತದೊತ್ತಡಕ್ಕಾಗಿ ವೈದ್ಯರು ಕಾಫಿಯನ್ನು ಬಿಡಿಸಿ ಎರಡು ತಿಂಗಳಾಯಿತೆಂದು ಸಹಜವಾಗಿ ಹೇಳಿದರು. "ಹಾಗಾದರೆ ಫಿಲ್ಟರಿಗೆ ರಜೆ" ಎಂದೆ. "ರಜೆ ಎಲ್ಲಿ ಬಂತು? ಕೈ ಕೇಳುವುದಿಲ್ಲ. ಎರಡು ಲೋಟಕ್ಕಾಗುವಷ್ಟು ಇಳಿಸಿಬಿಡುತ್ತೇನೆ. ಆಮೇಲೆ ಹಾಲಿನವನಿಗೂ ಹೂವಿನವಳಿಗೂ ಕೊಡುತ್ತೇನೆ" ಎಂದರು. ನಾನು ಮಾತು ಬದಲಿಸಿ ಮೊಮ್ಮಗಳ ಕೈಗೆ ದೂರವಾಣಿಯನ್ನು ಕೊಟ್ಟೆ.

ಮಳೆಯ ಒಂದು ಭಾನುವಾರ ಕೆಳಗಿನ ಅಜ್ಜಿಯನ್ನು ಕಾಫಿಗೆ ಕರೆದೆವು. ತಾಯಿ ಕಟ್ಟಿಕೊಟ್ಟ ಪುಡಿಯಲ್ಲಿ ಚಿಕೋರಿಯಿದೆ ಎಂಬುದನ್ನು ಮೊದಲೇ ಹೇಳಿದೆವು. ಬೇಡವೆಂದರೆ ಬೋನೆನ್‌ಕಾಫೆಯೂ ಸಿದ್ಧವಾಗಿತ್ತು. ಅವರು ಒಂದು ಗಳಿಗೆ ಸುಮ್ಮನಿದ್ದು, "ನಿಮ್ಮ ತಾಯಿಯದೇ ಇರಲಿ" ಎಂದರು. ಹೆಂಡತಿ ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದು ನೊರೆ ಬರಿಸುವುದನ್ನು ಮಗುವಿನಂತೆ ನೋಡಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ವಾಸನೆ ಅದೇ. ಆದರೆ ನಮಗೆ ಆಗ ಹಾಲಿರಲಿಲ್ಲ" ಎಂದರು. ಎರಡನೆಯ ಲೋಟವನ್ನು ತಾವಾಗಿಯೇ ಕೇಳಿ ಪಡೆದರು. ಡಬ್ಬಿಯಲ್ಲಿ ಇನ್ನು ನಾಲ್ಕು ದಿನಕ್ಕೆ ಸಾಲುವಷ್ಟು ಪುಡಿ ಉಳಿದಿತ್ತು.