ಕಬ್ಬನ್ ಪಾರ್ಕಿನ ನೆರಳು

ಬೇಸಗೆಯನ್ನು ಸವಿಯಬಹುದೆಂಬ ಮಾತು ನಮ್ಮ ಕಡೆಯವರಿಗೆ ರುಚಿಸದು. ಮಳೆಯನ್ನು ಹೊಗಳಬಹುದು, ಸುಗ್ಗಿಯನ್ನು ಹಾಡಬಹುದು. ಬೇಸಗೆಯೆಂದರೆ ಕೊಳವೆಬಾವಿ ಬತ್ತುವ ಕಾಲ, ತೆಂಗಿನ ಗರಿ ಜೋತುಬೀಳುವ ಕಾಲ. ಅಂಥ ಬೇಸಗೆಗಾಗಿ ಕಾದು ಕೂರುವ ಗೀಳು ನನಗೆ ಬೆಂಗಳೂರಿಗೆ ಬಂದ ಮೇಲೆ ಅಂಟಿತು. ಅದಕ್ಕೆ ಕಾರಣ ಕಬ್ಬನ್ ಪಾರ್ಕು.

ನಮ್ಮದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಒಳಕ್ಕೆ ನಡೆದುಹೋಗಬೇಕಾದ ಒಂದು ಹಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ದಾರಿಗಳು ಕೂಡುವ ಆ ಕ್ರಾಸಿನ ಹೆಸರೇ ಹಾಸ್ಟೆಲಿನಲ್ಲಿ ನನ್ನ ಹೆಸರಾಗಿಬಿಟ್ಟಿದೆ. “ಕಿಬ್ಬನಹಳ್ಳಿ ಎಲ್ಲಿ?” ಎಂದು ಯಾರಾದರೂ ಕೇಳಿದರೆ “ಕಬ್ಬನ್ ಪಾರ್ಕಿನಲ್ಲಿ” ಎಂದು ಗೆಳೆಯರು ಉತ್ತರ ಕೊಡುತ್ತಾರೆ. ಸುಳ್ಳೇನೂ ಅಲ್ಲ. ಮಾರ್ಚ್ ಕಾಲಿಟ್ಟಿತೆಂದರೆ ತರಗತಿ ಮುಗಿದೊಡನೆ ನನ್ನ ಕಾಲು ತಾನಾಗಿ ಅತ್ತ ತಿರುಗುತ್ತದೆ.

ತೆಂಗಿನ ಸೀಮೆಯವನಿಗೆ ನೆರಳಿಗೆ ಬರವೇ ಎಂದು ನೀವು ಕೇಳಬಹುದು. ತೆಂಗು ಕಲ್ಪವೃಕ್ಷವೆಂಬುದು ನಿಜ, ಬೇಡಿದ್ದನ್ನೆಲ್ಲ ಕೊಡುತ್ತದೆ, ನೆರಳೊಂದನ್ನು ಮಾತ್ರ ಚೌಕಾಸಿ ಮಾಡಿ ಕೊಡುತ್ತದೆ. ಸೂರ್ಯ ನೆತ್ತಿಗೆ ಬಂದಾಗ ಅದರ ನೆರಳು ಅದರ ಬುಡಕ್ಕೇ ಸಾಲದು. ಅಲ್ಲಿ ಕೂತರೂ ಗರಿ ಬಿದ್ದೀತೋ, ಕಾಯಿ ಬಿದ್ದೀತೋ ಎಂದು ಕತ್ತೆತ್ತಿ ನೋಡುತ್ತಿರಬೇಕು. ಮೇಲಾಗಿ ತೋಟಕ್ಕೊಬ್ಬ ಯಜಮಾನನಿರುತ್ತಾನೆ. ಅವನ ಮರದ ಕೆಳಗೆ ಸುಮ್ಮನೆ ಕೂತ ಕೂಲಿಯಾಳು ಅವನ ಕಣ್ಣಿಗೆ ಸೋಮಾರಿ. ನನ್ನ ತಂದೆ ಅಂಥ ಕೂಲಿಯಾಳು. ಮರ ಹತ್ತಿ ಕಾಯಿ ಕೆಡಹುವುದು, ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿ ಒಳಗೇ ಗಡಗಡನೆ ಅಲ್ಲಾಡುವ ಕಾಯನ್ನು ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವುದು ಅವರ ಕಸುಬು. ಮರವೆಂದರೆ ಅವರಿಗೆ ಕೆಲಸ.

ಇನ್ನು ಊರ ಮುಂದಿನ ಅರಳಿಕಟ್ಟೆ. ಅಲ್ಲಿ ನೆರಳಿಗೇನೂ ಕೊರತೆಯಿಲ್ಲ. ಆದರೆ ಕಟ್ಟೆಯ ಮೇಲೆ ಕೂರುವವರು ಬೇರೆ, ಕೆಳಗೆ ನಿಂತು ಮಾತು ಕೇಳುವವರು ಬೇರೆ. ಈಗ ಯಾರೂ ನನ್ನ ತಂದೆಯನ್ನು ಕೂರಬೇಡವೆನ್ನುವುದಿಲ್ಲ, ಅವರೇ ಕೂರುವುದಿಲ್ಲ.

ಕಬ್ಬನ್ ಪಾರ್ಕಿನ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. 1870ರಲ್ಲಿ, ಜಾನ್ ಮೀಡ್ ಕಮಿಷನರಾಗಿದ್ದಾಗ, ಮುಖ್ಯ ಇಂಜಿನಿಯರ್ ರಿಚರ್ಡ್ ಸ್ಯಾಂಕಿ ಇದನ್ನು ಯೋಜಿಸಿದರು. ಮೊದಲು ಇದಕ್ಕೆ ಮೀಡನ ಹೆಸರೇ ಇತ್ತು. ಆಮೇಲೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಈ ಪಾರ್ಕನ್ನು ಕಣ್ಣಾರೆ ಕಂಡವನೇ ಅಲ್ಲ. 1861ರಲ್ಲಿ ಸ್ವದೇಶಕ್ಕೆ ಹೊರಟವನು ದಾರಿಯಲ್ಲಿ, ಸೂಯೆಜ್‌ನಲ್ಲಿ, ತೀರಿಕೊಂಡ. ಕುದುರೆಯ ಮೇಲೆ ಕೂತ ಅವನ ವಿಗ್ರಹ ಕೂಡ ಬಹುಕಾಲ ಹೈಕೋರ್ಟಿನ ಆವರಣದಲ್ಲೇ ಇದ್ದು, 2020ರಲ್ಲಷ್ಟೇ ಪಾರ್ಕಿನೊಳಕ್ಕೆ ಬಂದಿತು. 1927ರಲ್ಲಿ ಸರಕಾರ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣ ಮಾಡಿತು. ಜನ ಮಾತ್ರ ನಾಲಿಗೆಗೆ ಒಗ್ಗಿದ್ದನ್ನು ಬಿಡಲಿಲ್ಲ. ಲಾಲ್‌ಬಾಗಿನಂತೆ ಇಲ್ಲಿ ಬಾಗಿಲಲ್ಲಿ ಟಿಕೆಟ್ಟಿಲ್ಲ. ನಮ್ಮಂಥವರಿಗೆ ಇದು ಇತಿಹಾಸಕ್ಕಿಂತ ದೊಡ್ಡ ವಿಷಯ.

ಬೆಂಗಳೂರಿನಲ್ಲಿ ಬಿಸಿಲೇನೂ ಕಡಿಮೆಯಲ್ಲ. 2016ರ ಏಪ್ರಿಲಿನಲ್ಲಿ ಉಷ್ಣಮಾನ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲಿನಲ್ಲಿ 38.5. ರಸ್ತೆಯ ಡಾಂಬರು ಕಾದು ಹಬೆಯಾಡುವಾಗ ಪಾರ್ಕಿನ ಬಿದಿರು ಮೆಳೆಗಳ ಹತ್ತಿರ ಬಂದರೆ ಯಾರೋ ಬಾಗಿಲು ತೆರೆದು ಒಳಕ್ಕೆ ಕರೆದಂತಾಗುತ್ತದೆ. ಹೊಂಗೆಯ ಹೂವು ನೆಲದ ಮೇಲೆ ಮಂಡಕ್ಕಿ ಚೆಲ್ಲಿದಂತೆ ಉದುರಿರುತ್ತದೆ. ಅದು ಮುಗಿಯುವಷ್ಟರಲ್ಲಿ ಗುಲ್‌ಮೊಹರಿನ ಸರದಿ. 1908ರಿಂದ ಮೈಸೂರು ಸಂಸ್ಥಾನದ ತೋಟಗಳನ್ನು ನೋಡಿಕೊಂಡ ಜರ್ಮನಿ ಮೂಲದ ಕ್ರುಂಬಿಗಲ್ ಅವರು, ಒಂದು ಮರದ ಹೂ ಉದುರುವ ವೇಳೆಗೆ ಇನ್ನೊಂದು ಅರಳುವಂತೆ ಈ ಊರಿನ ಮರಗಳನ್ನು ಹೊಂದಿಸಿದರಂತೆ. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನಗಳಿಲ್ಲದ್ದರಿಂದ ಗಿಳಿಗಳ ಕಿರುಚಾಟವೂ ಕೇಳುತ್ತದೆ. ನಾನು ಪರೀಕ್ಷೆಗೆ ಓದಿದ್ದೆಲ್ಲ ಇಲ್ಲಿಯೇ. ಓದದೆ ನಿದ್ದೆಮಾಡಿದ್ದೂ ಇಲ್ಲಿಯೇ.

ಕಳೆದ ಏಪ್ರಿಲಿನಲ್ಲಿ ನನ್ನ ತಂದೆ ಮಿಂಟೋ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದರು. ಕಣ್ಣಿಗೆ ಔಷಧಿಯ ಹನಿ ಬಿಟ್ಟು ನೋಡಿದ ಡಾಕ್ಟರು ಎರಡರಲ್ಲೂ ಪೊರೆ ಬಂದಿದೆ, ಇನ್ನು ಮರ ಹತ್ತುವುದು ಬೇಡವೆಂದರು. ಹೊರಗೆ ಬಂದರೆ ಆ ಹನಿಯ ದೆಸೆಯಿಂದ ಅವರಿಗೆ ಬಿಸಿಲು ಸೂಜಿಯಂತೆ ಚುಚ್ಚುತ್ತಿತ್ತು. ಹಾಸ್ಟೆಲಿನ ಕೋಣೆಗೆ ತಗಡಿನ ಮಾಡು. ಕೈಹಿಡಿದು ಬಸ್ಸು ಹತ್ತಿಸಿ ಇಲ್ಲಿಗೇ ಕರೆತಂದೆ. ಕಂಡಕ್ಟರು ಕೂಗಿದ್ದು ಅವರಿಗೆ ಕಬ್ಬಿನ ಪಾರ್ಕೆಂದು ಕೇಳಿಸಿತ್ತು.

“ಕಬ್ಬೆಲ್ಲ್ಲಾ? ಒಂದೂ ಕಾಣಾಕಿಲ್ಲ.”

“ಕಬ್ಬಿಲ್ಲ ಅಪ್ಪ. ಬರೀ ಮರ. ಕೂತ್ಕೋ ಬಾ.”

ಅವರು ಕಲ್ಲುಬೆಂಚನ್ನು ಕೈಯಿಂದ ತಡವಿ ನೋಡಿದರು, ಕೂರಲಿಲ್ಲ. “ಇದು ಯಾರ್ದು?”

“ಸರ್ಕಾರದ್ದು.”

“ಯಾರಾನ ಬಂದು ಏಳು ಅಂತಾರೆ ಕಣ್ಲಾ.”

“ಯಾರೂ ಅನ್ನಲ್ಲ. ನಾನು ದಿನಾ ಕೂರ್ತೀನಿ.”

ಆದರೂ ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿ ಒಂದು ದೊಡ್ಡ ಮಳೆಮರವಿತ್ತು. ಸ್ವಲ್ಪ ಹೊತ್ತಿಗೆ ಎದ್ದುಹೋಗಿ ಅದರ ಬೊಡ್ಡೆಯ ಮೇಲೆ ಅಂಗೈ ಊರಿ, ಎಲ್ಲಿ ಕಾಲಿಡಬಹುದೆಂದು ನೋಡುವವರಂತೆ ಸವರಿದರು.

“ಇದನ್ನ ಯಾರು ಹತ್ತುತಾರೆ?”

“ಯಾರೂ ಹತ್ತಲ್ಲ ಅಪ್ಪ. ಬರೀ ನೆರಳಿಗೆ ಬೆಳ್ಸಿರೋದು.”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಲ್ಲಿನ ಮೇಲೆ ಟವಲು ಹಾಸಿ, ಅದರ ಅಂಚನ್ನು ಕಣ್ಣ ಮೇಲೆ ಎಳೆದುಕೊಂಡು ಮಲಗಿದರು. ಕಾವಲುಗಾರನೊಬ್ಬ ವಿಸಲ್ ಹಿಡಿದು ಹಾದುಹೋದ, ನಮ್ಮತ್ತ ನೋಡಿದ, ಏನೂ ಅನ್ನಲಿಲ್ಲ. ನಾನು ಮಡಿಸಿಟ್ಟ ಪುಸ್ತಕ ತೆರೆದೆ.

ಹಗಲು ಹೊತ್ತಿನಲ್ಲಿ ನನ್ನ ತಂದೆ ನಿದ್ದೆಮಾಡಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ನಾಲ್ಕು ಗಂಟೆಗೆ ಮೆಜೆಸ್ಟಿಕ್ಕಿನಲ್ಲಿರಬೇಕೆಂದು ಅವರು ಬೆಳಿಗ್ಗೆಯೇ ಹೇಳಿದ್ದರು. ನಾಲ್ಕಾಯಿತು. ಎಬ್ಬಿಸಲಿಲ್ಲ. ತಿಪಟೂರಿನ ಕಡೆಗೆ ಬೇಕಾದಷ್ಟು ಬಸ್ಸುಗಳಿವೆ.