ಮಕ್ತಲದ ದಾರಿಯಲ್ಲಿ ಬೆಸುಗೆಯ ವಿದ್ಯೆ

ರಾಯಚೂರಿನ ಕಡೆಯಿಂದ ಬರುವವರು ಶಕ್ತಿನಗರದ ಚಿಮಣಿಗಳನ್ನು ಹಿಂದೆ ಬಿಟ್ಟು ನದಿಯನ್ನು ದಾಟಿದರೆ ತೆಲಂಗಾಣದ ನೆಲ ಮೊದಲಾಗುತ್ತದೆ. ಮೊದಲು ಸಿಗುವುದು ಕೃಷ್ಣಾ ಎಂಬ ಊರು, ಅದೇ ಹೆಸರಿನ ರೈಲು ನಿಲ್ದಾಣ, ಬಳಿಕ ಮಕ್ತಲ. ಕುರುವಪುರದ ಯಾತ್ರೆ ಮಾಡಿದವರಿಗೆ ಈ ದಾರಿ ಹೊಸದಲ್ಲ. ಅಂಗಡಿಯ ಹಲಗೆಗಳು ತೆಲುಗಿನಲ್ಲಿದ್ದರೂ ಜಗಲಿಯ ಮೇಲಿನ ಮಾತು ಎಷ್ಟೋ ಕಡೆ ಕನ್ನಡವೇ.

ಇಲ್ಲಿಯ ಗುಡಿಗಳನ್ನು, ನಾರಾಯಣಪೇಟೆಯ ಸೀರೆಗಳನ್ನು ಅನೇಕರು ವರ್ಣಿಸಿದ್ದಾರೆ. ಈ ಸಲ ನಾನು ನೋಡುತ್ತ ಬಂದುದು ರಸ್ತೆಯ ಮಗ್ಗುಲಿನ ತಗಡಿನ ಚಪ್ಪರಗಳನ್ನು. ಮುರಿದ ಟ್ರಾಕ್ಟರಿನ ಟ್ರಾಲಿ, ಹಲ್ಲು ಕಿತ್ತ ಕುಂಟೆ, ಹೊಸ ಮನೆಯ ಕಿಟಕಿಯ ಗ್ರಿಲ್ಲು, ಅಂಗಳದ ಗೇಟು, ಎಲ್ಲವೂ ಅಲ್ಲಿ ಒರಗಿ ನಿಂತಿರುತ್ತವೆ. ನಡುವೆ ಕುಕ್ಕರುಗಾಲಿನಲ್ಲಿ ಕುಳಿತ ಹುಡುಗನೊಬ್ಬನ ಕೈಯಿಂದ ನೀಲಿ ಬೆಳಕು ಚಿಮ್ಮುತ್ತಿರುತ್ತದೆ. ಒಂದು ಕಾಲಕ್ಕೆ ಕಮ್ಮಾರನ ಕುಲುಮೆ ಮಾಡುತ್ತಿದ್ದ ಕೆಲಸವನ್ನು ಇಂದು ಈ ಚಪ್ಪರಗಳು ಮಾಡುತ್ತಿವೆ. ಕೂರಿಗೆಯ ತಾಳು ಮುರಿದರೆ ರೈತನು ಬಿತ್ತನೆಯ ಹದ ತಪ್ಪುವ ಮೊದಲೇ ಇಲ್ಲಿಗೆ ಓಡಿಬರಬೇಕು.

ಈ ಹುಡುಗರು ವಿದ್ಯೆ ಕಲಿತದ್ದು ಉಸ್ತಾದನ ಬಳಿ. ಮೊದಲ ವರ್ಷ ಕಬ್ಬಿಣ ಹೊರುವುದು, ಚಹಾ ತರುವುದು, ಬೆಸುಗೆಯ ಮೇಲೆ ಕಟ್ಟಿದ ಕಿಟ್ಟವನ್ನು ಸುತ್ತಿಗೆಯಿಂದ ಕೆರೆದು ತೆಗೆಯುವುದು. ಆಮೇಲೆ ಕೈಗೆ ರಾಡು. ಎರಡು ಮೂರು ವರ್ಷಗಳಲ್ಲಿ ಕೈ ಪಳಗುತ್ತದೆ, ಇದರಲ್ಲಿ ಸಂಶಯವಿಲ್ಲ. ಆದರೆ ಕಪ್ಪು ಗಾಜಿನ ಕವಚವಿಲ್ಲದೆ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಓರೆ ಮಾಡಿ ಬೆಸೆಯುವವರೂ ಇದ್ದಾರೆ. ಆ ಬೆಳಕಿನಲ್ಲಿರುವ ಅತಿನೇರಳೆ ಕಿರಣವು ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ರಾತ್ರಿ ಕಣ್ಣಲ್ಲಿ ಮರಳು ತುಂಬಿದಂಥ ಉರಿ. ಮನೆಯ ಹೆಂಗಸರು ಆಲೂಗಡ್ಡೆಯ ಹೋಳು ಕಟ್ಟಿ ಮಲಗಿಸುವುದುಂಟು. ಮರುದಿನ ಮತ್ತೆ ಅದೇ.

ಐ.ಟಿ.ಐ. ಎಂದು ನಾವು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳ ವ್ಯವಸ್ಥೆ 1950ರಲ್ಲಿ ಆರಂಭವಾಯಿತು. ವೆಲ್ಡರ್ ತರಬೇತಿಗೆ ಒಂದೇ ವರ್ಷ; ಎಂಟನೆಯ ತರಗತಿ ಮುಗಿಸಿ ಹದಿನಾಲ್ಕು ತುಂಬಿದವನಿಗೆ ಪ್ರವೇಶವುಂಟು. ಈ ಒಂದು ವರ್ಷದಲ್ಲಿ ಏನು ಕಲಿಸುವರೆಂಬುದನ್ನು ನಮ್ಮ ತಾಯಿತಂದೆಯರು ಸಾಮಾನ್ಯವಾಗಿ ಕೇಳುವುದೇ ಇಲ್ಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಆಮ್ಲಜನಕದ ಸಿಲಿಂಡರು ಕಪ್ಪು, ಅಸಿಟಿಲೀನಿನದು ಕಡುಗೆಂಪು. ಅಸಿಟಿಲೀನ್ ಕಡೆಯ ತಿರುಪುಗಳೆಲ್ಲ ಎಡಕ್ಕೆ ತಿರುಗುವಂಥವು. ಕತ್ತಲಲ್ಲಿಯೂ ಒಂದರ ಕೊಳವೆ ಇನ್ನೊಂದಕ್ಕೆ ಕೂಡಬಾರದೆಂದು ಹೀಗೆ ಮಾಡಿದ್ದಾರೆ. ಆಮ್ಲಜನಕದ ಕವಾಟಕ್ಕೆ ಎಣ್ಣೆ ಸೋಂಕಿದರೆ ಬೆಂಕಿ ಹತ್ತೀತು. ಎರಡೂ ಅನಿಲಗಳು ಕೂಡಿ ಉರಿದ ಜ್ವಾಲೆ ಮೂರು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆಮೇಲೆ ವಿದ್ಯುತ್ತಿನ ಬೆಸುಗೆ: ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಬಿಡುವ ಅಂತರ, ಕೈಯ ಓರೆ, ಓಟದ ವೇಗ. ಕರಗಿದ ಲೋಹ ಒಂದು ಪುಟ್ಟ ಮಡುವಿನಂತೆ ನಿಲ್ಲುತ್ತದೆ. ಆ ಮಡುವನ್ನು ಓದುವುದೇ ವಿದ್ಯೆ. ಅವಸರ ಮಾಡಿದರೆ ಕಿಟ್ಟ ಒಳಗೆ ಸಿಕ್ಕಿಕೊಳ್ಳುತ್ತದೆ, ರಾಡು ತೇವವಾಗಿದ್ದರೆ ಒಳಗೆ ಗಾಳಿಯ ಗುಳ್ಳೆ ಉಳಿಯುತ್ತವೆ. ನೆಲದ ಮೇಲೆ ಮಲಗಿಸಿದ ತಗಡನ್ನು ಯಾರಾದರೂ ಬೆಸೆದಾರು. ನಿಂತ ತಗಡನ್ನು, ತಲೆಯ ಮೇಲಿನದನ್ನು, ಕೊನೆಗೆ ಕೊಳವೆಯನ್ನು ಸುತ್ತಲೂ ಬೆಸೆಯುವುದಕ್ಕೆ ಕ್ರಮವಾದ ಅಭ್ಯಾಸ ಬೇಕು. ಟಿಗ್, ಮಿಗ್ ಎಂಬ ಹೊಸ ಬಗೆಗಳೂ ಪಾಠದಲ್ಲಿವೆ. ತಗಡಿನ ಚಪ್ಪರದಲ್ಲಿ ಇವು ಕಾಣಸಿಗುವುದು ಅಪರೂಪ.

ಇದು ಯಾವ ಕೆಲಸಕ್ಕೆ ಎಂದು ಕೇಳುವವರು ನದಿಯ ಆಚೆ ನೋಡಬೇಕು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ನಡೆಯತೊಡಗಿತು; ಈಗ ಎಂಟು ಘಟಕಗಳು, ಒಟ್ಟು 1720 ಮೆಗಾವಾಟ್ ಸಾಮರ್ಥ್ಯ. ಒಂದೊಂದು ಬಾಯ್ಲರಿನ ಒಳಗೂ ಮೈಲಿಗಟ್ಟಲೆ ಕೊಳವೆ. ಒಂದು ಬೆಸುಗೆ ಸೋರಿದರೂ ಘಟಕವನ್ನೇ ನಿಲ್ಲಿಸಬೇಕಾಗುತ್ತದೆ. ಬಾಯ್ಲರಿನ ಕೊಳವೆಗೆ ಕೈ ಹಚ್ಚುವವನು ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕೆಂದು 1950ರ ಬಾಯ್ಲರ್ ನಿಯಮಾವಳಿ ವಿಧಿಸಿತು. ಅವನು ಬೆಸೆದ ತುಂಡನ್ನು ಕ್ಷಕಿರಣದಲ್ಲಿ ನೋಡುವರು. ಗುಳ್ಳೆಯಿದ್ದರೆ ಅದು ಕಾಣುತ್ತದೆ. ಅಲ್ಲಿ ಅವನ ಜಾತಿಯನ್ನಾಗಲಿ ಮನೆಮಾತನ್ನಾಗಲಿ ಕೇಳುವವರಿಲ್ಲ.

ಪಾಲಮೂರಿನ ಕೂಲಿಗಳೆಂದರೆ ದೇಶದ ಅಣೆಕಟ್ಟುಗಳಿಗೆಲ್ಲ ಮಣ್ಣು ಹೊತ್ತವರು. ಹಳೆಯ ಮಹಬೂಬನಗರ ಜಿಲ್ಲೆಯಾದ ಈ ಸೀಮೆಯಿಂದ ಗುಂಪುಗುಂಪಾಗಿ ಗುಳೆ ಹೋದ ಕಥೆ ನಮ್ಮ ಅನೇಕ ಮನೆಗಳಲ್ಲಿಯೂ ಇದೆ. ಮಣ್ಣು ಹೊತ್ತು ಹೋದವನಿಗೂ ಕೈಯಲ್ಲಿ ಪ್ರಮಾಣಪತ್ರ ಹಿಡಿದು ಹೋದವನಿಗೂ ಸಿಗುವ ಕೂಲಿ ಬೇರೆ, ಮರ್ಯಾದೆಯೂ ಬೇರೆ.

ಇನ್ನು ನಮ್ಮವರಿಗೇ ಇರುವ ತೊಡಕು. 1956ರ ನವೆಂಬರ್ 1ರವರೆಗೆ ಗದ್ವಾಲವೂ ಆಲಂಪುರವೂ ರಾಯಚೂರು ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಸೇರಿದವು. 2012ರ ತಿದ್ದುಪಡಿಯಿಂದ ಬಂದ ಸಂವಿಧಾನದ 371ಜೆ ವಿಧಿಯು ರಾಯಚೂರು, ಕಲಬುರಗಿ ಮುಂತಾದ ಜಿಲ್ಲೆಗಳ ವೃತ್ತಿತರಬೇತಿ ಸಂಸ್ಥೆಗಳಲ್ಲಿಯೂ ಸ್ಥಳೀಯರಿಗೆ ಮೀಸಲಾತಿಗೆ ಎಡೆಮಾಡಿತು. ಹುಟ್ಟಿನಿಂದ ಅಥವಾ ನೆಲೆಯಿಂದ ಆ ಸೀಮೆಗೆ ಸೇರಿದವರೇ ಸ್ಥಳೀಯರು. ಗದ್ವಾಲದ ಕನ್ನಡಿಗ ಹೊರಗಿನವನಾದ. ಇತ್ತ ತೆಲಂಗಾಣದಲ್ಲಿ ಎಲ್ಲಿ ಓದಿದ ಎಂಬುದು ಮುಖ್ಯ. ಕನ್ನಡ ಶಾಲೆಯ ಆಸೆಗೆ ರಾಯಚೂರಿನ ಸೋದರಮಾವನ ಮನೆಯಲ್ಲಿ ಬಿಟ್ಟ ಹುಡುಗನು ಅಲ್ಲಿಯೂ ಪರಕೀಯ, ಇಲ್ಲಿಯೂ ಪರಕೀಯನಾಗುವ ಸಂಭವವಿದೆ. ಮಗನನ್ನು ಎಲ್ಲಿ ಓದಿಸಬೇಕೆಂಬುದನ್ನು ಎಂಟನೆಯ ತರಗತಿಗೆ ಬಹಳ ಮೊದಲೇ ಯೋಚಿಸಬೇಕು. ತಾಯಿಯ ತವರಾದ ರಾಯಚೂರಿನಲ್ಲಿ ಹೆರಿಗೆಯಾಗಿದ್ದರೆ ಆ ಜನನಪತ್ರವನ್ನು ಜೋಪಾನ ಮಾಡಿ, ಕಚೇರಿಯಲ್ಲಿ ತೋರಿಸಿ ವಿಚಾರಿಸುವುದು ಒಳ್ಳೆಯದು.

ಪ್ರವೇಶಕ್ಕೆ ಮಾತ್ರ ಈ ಗಡಿ. ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವು ಯಾವ ರಾಜ್ಯದ ಸಂಸ್ಥೆಯಿಂದ ಬಂದರೂ ದೇಶವೆಲ್ಲ ಸಲ್ಲುತ್ತದೆ. ಆದುದರಿಂದ ತೆಲುಗಿನಲ್ಲಿ ಕಲಿಯಬೇಕಾದರೂ ನಮ್ಮ ಹುಡುಗರು ಹಿಂಜರಿಯಬೇಕಿಲ್ಲವೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ಕನ್ನಡದ ಪುಸ್ತಕ ತೆರೆದಿರಲಿ. ಆ ಹೊಣೆ ತಾಯಿತಂದೆಯರದು.

ಗದ್ವಾಲದಲ್ಲಿ ಮಗ್ಗದ ಮುಂದೆ ಬಹಳ ಹೊತ್ತು ನಿಂತೆ. ಅಲ್ಲಿಯ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಒಡಲಿನ ಎಳೆಯನ್ನೂ ಅಂಚಿನ ಎಳೆಯನ್ನೂ ಹೊಕ್ಕು ಹೊಕ್ಕಿಗೂ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವರು. ಇಳಕಲ್ಲಿನವರು ಸೆರಗು ಕೂಡಿಸುವ ರೀತಿಯೇ ಬೇರೆ. ಎರಡು ಬಗೆಯ ವಸ್ತುಗಳನ್ನು ಬಿಡದಂತೆ ಕೂಡಿಸುವ ಕೈಚಳಕ ಈ ಸೀಮೆಗೆ ಹೊಸದಲ್ಲವೆನಿಸಿತು. ಆದರೆ ಎಷ್ಟೋ ನೇಕಾರರ ಮಕ್ಕಳು ಮಗ್ಗ ಬಿಡುತ್ತಿದ್ದಾರೆ; ಬಿಟ್ಟ ಮೇಲೆ ಎಲ್ಲಿಗೆ ಎಂಬುದೇ ಪ್ರಶ್ನೆ.

ಹೋಗಿಬರುವ ಅನುಕೂಲ ಮೊದಲಿಗಿಂತ ಹೆಚ್ಚಿದೆ. ಗದ್ವಾಲದಿಂದ ರಾಯಚೂರಿಗೆ 2013ರಿಂದ ರೈಲು ಉಂಟು. 2023ರ ಅಕ್ಟೋಬರ್ 1ರಂದು ಜಕ್ಲೇರು–ಕೃಷ್ಣಾ ಮಾರ್ಗ ತೆರೆದ ಮೇಲೆ ಮಕ್ತಲವೂ ರಾಯಚೂರಿನ ರೈಲಿಗೆ ಸೇರಿತು. ಮಗನನ್ನು ಸೇರಿಸುವ ಮೊದಲು ತಂದೆಯಾದವನು ಒಂದು ದಿನ ಸಂಸ್ಥೆಗೆ ಹೋಗಿ ನೋಡಿಬರಲಿ. ಕಟ್ಟಡದ ಬಣ್ಣ ನೋಡುವುದು ಬೇಡ. ಯಂತ್ರಗಳು ನಡೆಯುತ್ತಿವೆಯೇ, ಕಪ್ಪು ಗಾಜು ಎಲ್ಲರಿಗೂ ಇದೆಯೇ, ಒಬ್ಬ ಹುಡುಗನಿಗೆ ವಾರಕ್ಕೆ ಎಷ್ಟು ರಾಡು ಸುಡಲು ಕೊಡುವರು ಎಂದು ಕೇಳಲಿ. ಮೂಲೆಯಲ್ಲಿ ಬಿದ್ದ ಅಭ್ಯಾಸದ ತುಂಡುಗಳನ್ನು ಎತ್ತಿ, ತಿರುಗಿಸಿ ನೋಡಲಿ.