28 ಮಿಲಿಮೀಟರ್ ಕತ್ತರಿಸಿದ ಕಥೆ

ಸಿನಿಮಾದಲ್ಲಿ ವ್ಯಾನು ಅಂದಕೂಡಲೇ ನಿಮಗೆ ಏನು ನೆನಪಾಗುತ್ತೆ ಹೇಳಿ? ನನಗೆ ಗೊತ್ತು. ಮಾರುತಿ ಓಮ್ನಿ! ನಾಯಕಿ ಕಾಲೇಜಿನಿಂದ ಹೊರಗೆ ಬರ್ತಾಳೆ, ಓಮ್ನಿ ಸರ್ರನೆ ಬಂದು ನಿಲ್ಲುತ್ತೆ, ಪಕ್ಕದ ಬಾಗಿಲು ಜಾರುತ್ತೆ, ಒಳಗಿನಿಂದ ನಾಲ್ಕು ಕೈ ಹೊರಗೆ ಬರುತ್ತವೆ... ಮುಂದಿನದು ನಿಮಗೇ ಗೊತ್ತು. 1984ರಲ್ಲಿ ರಸ್ತೆಗಿಳಿದ ಆ ಬಡಪಾಯಿ ಗಾಡಿ 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಎಷ್ಟು ಮಕ್ಕಳನ್ನು ಶಾಲೆಗೆ ಮುಟ್ಟಿಸಿತೋ, ಎಷ್ಟು ರೋಗಿಗಳನ್ನು ಆಸ್ಪತ್ರೆಗೆ ಸೇರಿಸಿತೋ! ನಮ್ಮ ಚಿತ್ರರಂಗ ಮಾತ್ರ ಅದಕ್ಕೆ ಖಳನ ಪಟ್ಟ ಕಟ್ಟಿ ಕೈತೊಳೆದುಕೊಂಡಿತು.

ಇರಲಿ. ನಾನು ಹೇಳಹೊರಟಿರುವುದು ಇನ್ನೊಂದು ವ್ಯಾನಿನ ಕಥೆ. ಅದರ ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಇನ್ನೂ ಗಿಡ್ಡ ಮಾಡುವ ಕೆಲಸ ನನ್ನ ತಲೆಗೆ ಬಂತು.

ಕೆ.ಜಿ.ಎಫ್. ಕಡೆಯ ನಾಲ್ಕೈದು ಹುಡುಗರು ಸೇರಿ ಒಂದು ಕಿರುಚಿತ್ರ ಮಾಡುತ್ತಿದ್ದಾರೆ. 2018ರಲ್ಲಿ 'ಕೆ.ಜಿ.ಎಫ್.' ಬಂದ ಮೇಲೆ ನಮ್ಮ ಕಡೆ ಕ್ಯಾಮೆರಾ ಹಿಡಿಯದ ಹುಡುಗನೇ ಇಲ್ಲ ಬಿಡಿ! ಆದರೆ ಇವರ ಕಥೆಯಲ್ಲಿ ಕೊಡಲಿ, ಬಂದೂಕು ಏನೂ ಇಲ್ಲ. ಗಣಿ ಮುಚ್ಚಿದ ಮೇಲೆ ವ್ಯಾನು ಓಡಿಸಿ ಬದುಕಿದ ಒಬ್ಬ ಕಾರ್ಮಿಕ, ಒಂದು ರಾತ್ರಿ ಸೈನೈಡ್ ದಿಬ್ಬದ ಅಂಚಿನಲ್ಲಿ ಗಾಡಿ ಜಾರುತ್ತದೆ, ಅಷ್ಟೆ. ಓಡುವ ದೃಶ್ಯಗಳಿಗೆಲ್ಲ ಬಾಡಿಗೆಗೆ ಒಂದು ಟೆಂಪೋ ಟ್ರಾವೆಲರ್ ಸಿಕ್ಕಿತು. ಆದರೆ ಬಾಡಿಗೆ ಗಾಡಿಯನ್ನು ದಿಬ್ಬದಿಂದ ಉರುಳಿಸಲು ಯಾವ ಮಾಲೀಕ ಒಪ್ಪುತ್ತಾನೆ ಸ್ವಾಮಿ? ನಿರ್ದೇಶಕ ಮಹಾಶಯ ತಲೆ ಓಡಿಸಿದ. ದುಬೈನಲ್ಲಿರುವ ಭಾವನಿಂದ ಪ್ಲಾಸ್ಟಿಕ್ ವ್ಯಾನಿನ ಬಿಡಿಭಾಗಗಳ ಡಬ್ಬಿ ಒಂದನ್ನು ತರಿಸಿದ. ಅಸಲಿನ 24ರಲ್ಲಿ ಒಂದು ಪಾಲು. ಅಂಟಿಸಿ ಜೋಡಿಸಿಕೊಳ್ಳುವುದು ನಮ್ಮ ಕೆಲಸ.

ಇದರಲ್ಲಿ ನಗುವಂಥದ್ದೇನೂ ಇಲ್ಲ. 1957ರ 'ಮಾಯಾಬಜಾರ್'ನಲ್ಲಿ ಬೆಳದಿಂಗಳಲ್ಲಿ ಹೊಳೆಯುವ ದ್ವಾರಕೆ ಇದೆಯಲ್ಲ, ಅದು 50 ಅಡಿಗೆ 60 ಅಡಿ ಜಾಗದಲ್ಲಿ ಕಟ್ಟಿದ 300 ಪುಟ್ಟ ಮನೆಗಳ ಊರು. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಅದನ್ನು ಮಹಾನಗರವಾಗಿ ತೋರಿಸಿದರು. 1977ರ 'ಸ್ಟಾರ್ ವಾರ್ಸ್'ನ ಆಕಾಶನೌಕೆಗಳ ಮೈಮೇಲೆ ಕಾಣುವ ಯಂತ್ರಭಾಗಗಳೆಲ್ಲ ಇಂಥದೇ ಡಬ್ಬಿಗಳಲ್ಲಿ ಬಂದ ಟ್ಯಾಂಕು, ಕಾರುಗಳ ತುಂಡುಗಳು. ಹಾಲಿವುಡ್ಡಿಗೆ ಆದದ್ದು ಬೇತಮಂಗಲಕ್ಕೆ ಆಗಬಾರದೇ?

ಒಂದೇ ತೊಡಕು. ಡಬ್ಬಿಯೊಳಗಿದ್ದದ್ದು ಉದ್ದ ಜಾತಿಯ ವ್ಯಾನು, ಬಾಡಿಗೆಗೆ ಸಿಕ್ಕಿದ್ದು ಗಿಡ್ಡದು. ಟ್ರಾವೆಲರ್ ಗಾಡಿಗಳಲ್ಲಿ 3350, 4020 ಅಂತ ಬೇರೆ ಬೇರೆ ಮಾದರಿ ಇವೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಅಷ್ಟು ಮಿಲಿಮೀಟರ್ ಅಂತರ ಎಂದು ಅರ್ಥ. ನಮ್ಮ ಡಬ್ಬಿಯ ವ್ಯಾನಿಗೆ ಸ್ಕೇಲು ಇಟ್ಟು ನೋಡಿದರೆ ಹತ್ತಿರ ಹತ್ತಿರ 168 ಮಿಲಿಮೀಟರ್, ಅಂದರೆ 4020ರ ಜಾತಿ. ನಮಗೆ ಬೇಕಾದ 3350ನ್ನು 24ರಿಂದ ಭಾಗಿಸಿದರೆ 140. ನಡುವಿನಿಂದ 28 ಮಿಲಿಮೀಟರ್ ಕತ್ತರಿಸಬೇಕು. ಎರಡು ಬೆರಳಿನ ಅಗಲ ಕೂಡ ಇಲ್ಲ. ಸೆಕೆಂಡ್ ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನ ಲೆಕ್ಕ ಅಂತ ಅನುಮಾನ ಪಡಬೇಡಿ, ಇದು ಸರಿಯಾಗಿದೆ!

"ಪತ್ರಿಕೆಗೆ ಬರೆಯೋನು, ಕೈಬರಹ ಚೆನ್ನಾಗಿದೆ, ಕುಯ್ಯೋದಕ್ಕೂ ನೀನೇ ಸರಿ" ಅಂದ ನಿರ್ದೇಶಕ. ಏನು ತರ್ಕವೋ! ಆದರೆ ನಾನು ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣ ಇತ್ತು. ನಮ್ಮ ಮನೆಯಲ್ಲೂ ಒಂದು 3350 ಇತ್ತು.

ಅಪ್ಪ ಗಣಿಯೊಳಗೆ 18 ವರ್ಷ ಇಳಿದು ಹತ್ತಿದವರು. ಡ್ರಿಲ್ ಮಿಷನ್ ಹಿಡಿಯುವ ಗ್ಯಾಂಗು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ನನಗೆ ನಾಲ್ಕು ವರ್ಷ. ಕೈಗೆ ಬಂದ ದುಡ್ಡಿಗೆ ಸಾಲ ಸೇರಿಸಿ ಹಳೇ ಟ್ರಾವೆಲರ್ ಕೊಂಡು ಬೇತಮಂಗಲ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ ಅಂತ ಓಡಿಸಿದರು. ಬೆಂಗಳೂರಿನ ರೈಲು ಹಿಡಿಯುವವರು, ಸಂತೆಯ ಟೊಮೇಟೊ ಬುಟ್ಟಿ, ಮದುವೆ ದಿಬ್ಬಣ, ಎಲ್ಲ ಅದರಲ್ಲೇ. ಬಿಳಿ ಬಣ್ಣ, ಪಕ್ಕದಲ್ಲಿ ನೀಲಿ ಪಟ್ಟಿ. 2014ರಲ್ಲಿ ಅಪ್ಪನಿಗೆ ಸ್ಟೇರಿಂಗ್ ತಿರುಗಿಸಿದರೂ ಉಬ್ಬಸ ಬರತೊಡಗಿತು. ಚಿನ್ನ ಸಿಗುವುದು ಬೆಣಚುಕಲ್ಲಿನಲ್ಲಿ. ಆ ಕಲ್ಲಿನ ಕಣ್ಣಿಗೆ ಕಾಣದ ದೂಳು ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ. ಅದಕ್ಕೆ ಸಿಲಿಕೋಸಿಸ್ ಅಂತ ಹೆಸರು, ನಮ್ಮ ಕಡೆ ಮನೆಮನೆಗೂ ಗೊತ್ತಿರುವ ಇಂಗ್ಲಿಷ್ ಪದ. ಆ ವರ್ಷ ವ್ಯಾನು ಮಾರಿದೆವು. ನಾನು ಕಾಲೇಜು ಬಿಟ್ಟೆ. ತಪ್ಪು ಯಾರದು ಅನ್ನೋ ಲೆಕ್ಕ ಈ ಪುಟದಲ್ಲಿ ಬೇಡ.

ಈಗ ಕುಯ್ಯುವ ವಿಷಯಕ್ಕೆ ಬರೋಣ.

ಕಾರನ್ನು ಗಿಡ್ಡ ಮಾಡುವುದು ಕಷ್ಟ, ಅದರ ಮೈಯೆಲ್ಲ ಬಾಗು ಬಳುಕು. ವ್ಯಾನು ಹಾಗಲ್ಲ, ಬ್ರೆಡ್ಡಿನ ಪೌಂಡಿನ ಹಾಗೆ. ಮಧ್ಯದ ಒಂದು ಸ್ಲೈಸ್ ತೆಗೆದು ಎರಡು ತುದಿ ಸೇರಿಸಿದರೆ ಸರಿಹೋಗುತ್ತದೆ. ಆದರೆ ಎಲ್ಲಿಂದ ತೆಗೆಯಬೇಕು ಎನ್ನುವುದೇ ಗುಟ್ಟು. ಬಾಗಿಲು ಮುಟ್ಟುವ ಹಾಗಿಲ್ಲ, ಚಕ್ರದ ಮೇಲಿನ ಕಮಾನು ಮುಟ್ಟುವ ಹಾಗಿಲ್ಲ. ಬಾಗಿಲ ಹಿಂದೆ, ಹಿಂಚಕ್ರದ ಮುಂದೆ, ಕಿಟಕಿಗಳ ನಡುವಿನ ಕಂಬದ ಬಳಿ ಮಾತ್ರ ಜಾಗ. ಮೈ ಒಂದನ್ನು ಕುಯ್ದರೆ ಮುಗಿಯಿತೇ? ಇಲ್ಲ. ಒಳಗಿನ ನೆಲ, ಕೆಳಗಿನ ಚಾಸಿ, ಇಂಜಿನ್ನಿನಿಂದ ಹಿಂಚಕ್ರಕ್ಕೆ ಹೋಗುವ ಶಾಫ್ಟು, ಹೊಗೆ ಕೊಳವೆ, ಕಿಟಕಿ ಗಾಜು, ಒಂದೊಂದರಿಂದಲೂ ಅದೇ 28 ಹೋಗಬೇಕು. ಒಂದು ಮರೆತರೂ ಚಕ್ರ ಒಂದು ಕಡೆ, ಕಮಾನು ಇನ್ನೊಂದು ಕಡೆ!

ಗೆರೆ ನೇರ ಬರಲಿ ಅಂತ ಟೇಪು ಸುತ್ತಿ, ಅದರ ಅಂಚು ಹಿಡಿದು ಪೆನ್ಸಿಲ್ ಎಳೆದು, ಆಕ್ಸಾ ಬ್ಲೇಡಿನ ತುಂಡಿನಿಂದ ನಿಧಾನವಾಗಿ ಕುಯ್ದೆ. ರಾತ್ರಿ ಹನ್ನೊಂದು ಗಂಟೆ. ಅಪ್ಪ ಗೋಡೆಗೆ ದಿಂಬು ಒರಗಿಸಿ ಕೂತಿದ್ದರು. ಅವರಿಗೆ ಮಲಗಿದರೆ ಉಸಿರು ಕಟ್ಟುತ್ತೆ, ಹಾಗಾಗಿ ಕೂತೇ ನಿದ್ದೆ.

"ಬ್ಲೇಡು ತಿನ್ನೋದನ್ನ ಲೆಕ್ಕಕ್ಕೆ ತಗೊಂಡ್ಯೇನೋ?"

ನಾನು ಬೆಚ್ಚಿಬಿದ್ದೆ. ನಿದ್ದೆ ಮಾಡ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ನಿಜ. ಬ್ಲೇಡಿನ ಹಲ್ಲಿನ ಅಗಲ ಒಂದು ಮಿಲಿಮೀಟರ್ ಹತ್ತಿರ. ಗೆರೆಯ ಮೇಲೇ ಕುಯ್ದರೆ ಉಳಿಯಬೇಕಾದ ಕಡೆಯಿಂದಲೂ ಅರ್ಧ ಹೋಗುತ್ತದೆ. ಎಡಬದಿ ಆಗಲೇ ಹೋಗಿತ್ತು. ಬಲಬದಿಯಲ್ಲಿ ತೆಗೆದುಹಾಕುವ ತುಂಡಿನ ಕಡೆ ಬ್ಲೇಡು ಇಟ್ಟು ಕುಯ್ದೆ. ಆ ಎಡಬದಿಯ ಸಂದನ್ನು ಆಮೇಲೆ ಪುಟ್ಟಿಯಿಂದ ಮುಚ್ಚಬೇಕಾಯ್ತು.

ಎರಡು ತುಂಡು ಪಕ್ಕಪಕ್ಕ ಇಟ್ಟು ಅಂಚು ಸಮ ಮಾಡಲು ಎಮರಿ ಪೇಪರ್ ತಗೊಂಡು ಗರಗರ ಉಜ್ಜತೊಡಗಿದೆ. ಬಿಳಿ ಪುಡಿ ಲೈಟಿನ ಕೆಳಗೆ ಹೊಗೆ ಹಾಗೆ ಎದ್ದಿತು. ಚೆನ್ನಾಗಿ ಕಾಣ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಗ ಕೆಮ್ಮು ಶುರುವಾಯಿತು. ಆ ಕೆಮ್ಮು ನಿಮಗೆ ಬರೆದು ತಿಳಿಸಲಾರೆ. ಅಮ್ಮ ಎದ್ದು ಬಂದು ಬೆನ್ನು ನೀವಿದಳು. ನನ್ನ ಕಡೆ ಒಂದು ಸಲ ನೋಡಿದಳು, ಮಾತಾಡಲಿಲ್ಲ. ಗದರಿದ್ದರೇ ಚೆನ್ನಾಗಿತ್ತು.

ಎಲ್ಲ ಬಾಚಿ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟೆ. ಬೆಳಗ್ಗೆ ನಿರ್ದೇಶಕನಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳುವುದು ಅಂತ ತೀರ್ಮಾನಿಸಿದೆ.

ಬೆಳಗ್ಗೆ ಎದ್ದು ನೋಡ್ತೀನಿ, ಡಬ್ಬಿ ಕೆಳಗಿದೆ! ಅಂಗಳದಲ್ಲಿ ಅಪ್ಪ ಮಣೆ ಹಾಕಿಕೊಂಡು ಕೂತಿದ್ದಾರೆ. ಎದುರಿಗೆ ಪ್ಲಾಸ್ಟಿಕ್ ಬೋಗುಣಿ ತುಂಬ ನೀರು. ವ್ಯಾನಿನ ಹಿಂಭಾಗ ನೀರಲ್ಲಿ ಅದ್ದಿ, ನನ್ನ ಹತ್ತಿರ ಇದ್ದ ವಾಟರ್ ಪೇಪರ್ ಚೂರನ್ನೂ ಅದ್ದಿ ನಿಧಾನವಾಗಿ ತಿಕ್ಕುತ್ತಿದ್ದಾರೆ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತಿದೆ. ದೂಳು ಮಾತ್ರ ಒಂದಿಷ್ಟೂ ಇಲ್ಲ.

"ಡ್ರಿಲ್ ಹೊಡೆಯೋವಾಗ ಸಲಾಕೆ ಒಳಗಿಂದ ನೀರು ಬಿಡ್ತಾರೆ ಕಣೋ. ದೂಳು ಹುಟ್ಟೋ ಜಾಗದಲ್ಲೇ ಕೆಸರಾಗಿಬಿಡಬೇಕು. ಮೇಲಕ್ಕೆ ಎದ್ದಮೇಲೆ ಯಾರಪ್ಪನ ಕೈಲೂ ಹಿಡಿಯೋಕಾಗಲ್ಲ."

"ಹಂಗಾದ್ರೆ ನಿಮಗ್ಯಾಕಪ್ಪಾ..."

"ನೀರು ಹಿಡಿದ್ರೆ ಕೆಲಸ ನಿಧಾನ. ಒಂದೊಂದ್ ಸಲ ನೀರೂ ಇರ್ತಿರಲಿಲ್ಲ. ಹುಡುಗ್ ವಯಸ್ಸು. ಒಣಗಲೇ ಹೊಡೀತಿದ್ವಿ."

ಅಷ್ಟೇ ಹೇಳಿದ್ದು. 28 ವರ್ಷದಲ್ಲಿ ಗಣಿಯ ಬಗ್ಗೆ ಅಪ್ಪ ನನಗೆ ಹೇಳಿದ ಅತಿ ಉದ್ದದ ಮಾತು ಅದೇ. ಚಾಂಪಿಯನ್ ರೀಫ್ ಗಣಿ 3,200 ಮೀಟರ್ ಆಳ ಅಂತ ನಾನು ನಾಲ್ಕು ಪತ್ರಿಕೆಗೆ ಬರೆದಿದ್ದೇನೆ. ಬ್ರಿಟಿಷರ ಕಾಲದಿಂದ ಆ ಗಣಿಗಳ ಊರಿಗೆ ನಮ್ಮ ಬೇತಮಂಗಲದ ಪಾಲಾರ್ ಕೆರೆಯ ನೀರೇ ಹೋಗುತ್ತಿತ್ತು ಅಂತಲೂ ಬರೆದಿದ್ದೇನೆ. ಡ್ರಿಲ್ಲಿನ ಸಲಾಕೆಯೊಳಗೆ ನೀರು ಬಿಡ್ತಾರೆ ಅಂತ ಬರೆದಿರಲಿಲ್ಲ. ಮನೇಲಿ ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸವೆಲ್ಲ ಅಂಗಳದಲ್ಲಿ, ಬೋಗುಣಿ ಪಕ್ಕದಲ್ಲಿ. ಅಂಟಿಸುವುದಕ್ಕೆ ನಾನು ಫೆವಿಕ್ವಿಕ್ ಹಿಡಿದೆ; ಅದು ಹಿಡಿಯುತ್ತೆ, ಆದರೆ ಏಟು ಬಿದ್ದರೆ ಪಟ್ಟಂತ ಬಿಡುತ್ತೆ. ಇದಕ್ಕೆ ಪ್ಲಾಸ್ಟಿಕ್ ಸಿಮೆಂಟೇ ಆಗಬೇಕು. ಅದು ಎರಡೂ ಅಂಚನ್ನು ಕರಗಿಸಿ ಒಂದಾಗಿಸುತ್ತದೆ, ಬೆಸುಗೆ ಹಾಕಿದ ಹಾಗೆ. ಅದರ ವಾಸನೆಗೆ ಅಪ್ಪನನ್ನು ದೂರ ಕೂರಿಸಬೇಕಾಯ್ತು. ಕತ್ತರಿಸಿ ತೆಗೆದ 28 ಮಿಲಿಮೀಟರಿನ ಆ ಉಂಗುರವನ್ನು ಬಿಸಾಡಬೇಡ ಅಂದರು ದೂರದಿಂದಲೇ. ಅದನ್ನೇ ಪಟ್ಟಿ ಪಟ್ಟಿ ಕುಯ್ದು ಸಂದಿನ ಒಳಬದಿಗೆ ಆಸರೆಯಾಗಿ ಅಂಟಿಸಿದೆವು. ನೆಲದ ಜೋಡಣೆ ಮೈಯ ಜೋಡಣೆಯ ನೇರಕ್ಕೆ ಬರದ ಹಾಗೆ ಒಂದಿಂಚು ಹಿಂದಕ್ಕೆ ಕುಯ್ದೆವು. ಇಟ್ಟಿಗೆ ಗೋಡೆ ಕಟ್ಟುವ ಮೇಸ್ತ್ರಿ ಸಂದಿನ ಮೇಲೆ ಸಂದು ಬರಗೊಡುತ್ತಾನೆಯೇ?

"ಮೇಲ್ಗಡೆ ರೂಫಿಗೂ ಒಳಗೆ ಪಟ್ಟಿ ಹಾಕೋ" ಅಂದರು. ಪಟ್ಟಿ ಮುಗಿದಿತ್ತು. ರೂಫು ಯಾರಿಗೆ ಕಾಣುತ್ತೆ ಅಂತ ನಾನು ಬಿಟ್ಟೆ.

ಗ್ಯಾರೇಜಿನಿಂದ ಎನ್.ಸಿ. ಪುಟ್ಟಿ ತಂದು ತೆಳ್ಳಗೆ ಮೂರು ಸಲ ಬಳಿದು, ಒಣಗಿಸಿ, ನೀರಲ್ಲಿ ತಿಕ್ಕಿದೆವು. ಬಿಳಿ ಬಣ್ಣ ಹೊಡೆದೆ. ನೀಲಿ ಪಟ್ಟಿ ಎಷ್ಟು ಎತ್ತರಕ್ಕೆ ಬರಬೇಕು ಅಂತ ಕೇಳಿದ್ದಕ್ಕೆ ಅಪ್ಪ ಬೆರಳಲ್ಲಿ ತೋರಿಸಿದರು, ಯೋಚನೆ ಕೂಡ ಮಾಡಲಿಲ್ಲ. ಪಟ್ಟಿ ಎಳೆದಮೇಲೆ ಕೇಳಿದರು:

"ಇದನ್ನ ಏನ್ ಮಾಡ್ತಾರೆ?"

"ದಿಬ್ಬದಿಂದ ಬೀಳಿಸ್ತಾರೆ ಅಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಳಗೆ ಜನ ಇರ್ತಾರೇನೋ?"

"ಡ್ರೈವರ್ ಒಬ್ಬನೇ."

ಚಿತ್ರೀಕರಣ ನಮ್ಮ ಹಿತ್ತಲಲ್ಲೇ ಆಯಿತು. ನಿಜವಾದ ಸೈನೈಡ್ ದಿಬ್ಬದ ಮಣ್ಣು ತರುವುದಾಗಿ ನಿರ್ದೇಶಕ ಹೇಳಿದಾಗ ಅಮ್ಮ ಪೊರಕೆ ಎತ್ತಿಕೊಂಡದ್ದು ಒಂದು ಬಾಕಿ! ಕೆರೆಯ ಮಣ್ಣು ತಂದು ನೀರು ಚಿಮುಕಿಸಿ ಗುಡ್ಡೆ ಹಾಕಿ, ಮೇಲೆ ಮಾತ್ರ ಅಕ್ಕಿಹಿಟ್ಟು ಉದುರಿಸಿದೆವು. ಅಪ್ಪನನ್ನು ಒಳಗೆ ಕೂರಿಸಿ ಕಿಟಕಿ ಮುಚ್ಚಿದೆವು.

ಇಲ್ಲಿ ಚಿತ್ರರಸಿಕರಿಗೆ ಒಂದು ಸ್ವಾರಸ್ಯ ಹೇಳಲೇಬೇಕು. ಆಟಿಕೆ ಬಿದ್ದರೆ ಆಟಿಕೆ ಬಿದ್ದ ಹಾಗೇ ಕಾಣುತ್ತೆ, ಯಾಕೆ? ನಿಜವಾದ ವ್ಯಾನು 24 ಮೀಟರ್ ಬೀಳಲು ಎರಡು ಸೆಕೆಂಡಿನ ಮೇಲೆ ಹಿಡಿಯುತ್ತದೆ. ಪುಟ್ಟ ವ್ಯಾನು ಒಂದು ಮೀಟರ್ ಬೀಳಲು ಅರ್ಧ ಸೆಕೆಂಡೂ ಬೇಡ. ಅದಕ್ಕೇ ವೇಗವಾಗಿ ಹಿಡಿದು ನಿಧಾನವಾಗಿ ತೋರಿಸಬೇಕು. ಎಷ್ಟು ವೇಗ ಅಂದರೆ ಅಳತೆಯ ವರ್ಗಮೂಲದಷ್ಟು. 24ರ ವರ್ಗಮೂಲ 4.9. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು, ಗುಣಿಸಿದರೆ 118. ಈಗಿನ ಮೊಬೈಲಿನ ಸ್ಲೋಮೋಷನ್ನು 120! ಹಿಂದೆ ವಿಶೇಷ ಕ್ಯಾಮೆರಾ ಬೇಕಾಗಿದ್ದ ಕೆಲಸ ಛಾಯಾಗ್ರಾಹಕ ಮಿತ್ರನ ಜೇಬಿನಲ್ಲೇ ಇತ್ತು.

ಇದ್ದದ್ದು ಒಂದೇ ವ್ಯಾನು, ಒಂದೇ ಟೇಕು. ಉರುಳಿತು. ಎರಡು ಪಲ್ಟಿ ಹೊಡೆದು ಚಕ್ರ ಮೇಲಾಗಿ ನಿಂತಿತು. ಮೊಬೈಲಿನಲ್ಲಿ ನೋಡಿದರೆ ನನಗೇ ಮೈ ಜುಮ್ಮೆಂದಿತು. ಹಿಟ್ಟಿನ ದೂಳು ಮೋಡದ ಹಾಗೆ ನಿಧಾನವಾಗಿ ಎದ್ದು, ಅದರೊಳಗೆ ನೀಲಿ ಪಟ್ಟಿ ಒಮ್ಮೆ ಕಂಡು ಮಾಯವಾಯಿತು. ಹುಡುಗರು ಶಿಳ್ಳೆ ಹೊಡೆದರು. ಚಿತ್ರ ಈಗ ಸಂಕಲನದಲ್ಲಿದೆ.

ಅವರೆಲ್ಲ ಹೋದಮೇಲೆ ವ್ಯಾನು ತೊಳೆದು ಒಳಗೆ ತಂದೆ. ಪಕ್ಕದ ಜೋಡಣೆಗಳು ಗಟ್ಟಿಯಾಗಿದ್ದವು, ನೆಲವೂ ಸರಿಯಿತ್ತು. ರೂಫಿನ ಸಂದು ಮಾತ್ರ ಬಾಯಿ ಬಿಟ್ಟಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಿರುಕಿನ ಮೂಲಕ ನನ್ನನ್ನೇ ನೋಡಿದರು.

"ಹೇಳಿದ್ನಾ ಇಲ್ವಾ?"

"ಹೇಳಿದ್ರಿ."

"ಪಟ್ಟಿ ಎಲ್ಲಿಂದಾದ್ರೂ ತಾ. ಬೋಗುಣೀಲಿ ನೀರು ಇಡು."